ವಿಶಾಲಮ್ಮನವರ ಹಲಸಿನ ಸಾಲು

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಗೆ ಒಂದು ಸಂಖ್ಯೆ ಇದೆ, ಒಬ್ಬ ಮಹನೀಯರ ಹೆಸರೂ ಇದೆ. ಆಟೋದವರಿಗೆ ಅವೆರಡನ್ನೂ ಹೇಳಿ ಪ್ರಯೋಜನವಿಲ್ಲ. ‘ಹಲಸಿನ ಮರದ ಸಾಲು’ ಎಂದರೆ ನೇರವಾಗಿ ತಂದು ಇಳಿಸುತ್ತಾರೆ. ಮೈಸೂರು ರಸ್ತೆಯ ಹೊಗೆಯಲ್ಲಿ ಬಂದವರಿಗೆ ಈ ತಿರುವಿಗೆ ಕಾಲಿಟ್ಟೊಡನೆ ಮೈ ತಂಪಾಗುತ್ತದೆ. ಈ ಸಾಲನ್ನು ಪಾಲಿಕೆಯವರು ನೆಟ್ಟದ್ದಲ್ಲ. ವೀಣೆ ಕಲಿಸುವ ವಿಶಾಲಮ್ಮನವರ ಶಿಷ್ಯರು ನೆಟ್ಟದ್ದು.

ವಿಶಾಲಮ್ಮನವರಿಗೆ ಈಗ ಎಪ್ಪತ್ತು ದಾಟಿದೆ. ಕುಳ್ಳಗಿನ ಮೈಕಟ್ಟು, ಅಗಲವಾದ ಅಂಗೈ. ಅವರು ವೀಣೆಯ ಮುಂದೆ ಕುಳಿತರೆ ಹೊಲದಲ್ಲಿ ಕಳೆ ಕೀಳಲು ಕುಳಿತವರಂತೆ ಕಾಣುತ್ತಾರೆಂದು ಅವರೇ ಹೇಳಿಕೊಂಡು ನಗುವರು. ನಾವಿಬ್ಬರೂ ಒಂದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವರು. ಅವರು ಸಂಗೀತ, ನಾನು ಕನ್ನಡ. ಶಾಲೆಯಲ್ಲಿ ಸಂಗೀತದ ಪೀರಿಯಡ್ಡೆಂದರೆ ಗಣಿತದವರು ಬಂದು ಕೇಳಿ ಪಡೆದುಕೊಳ್ಳುವ ಪೀರಿಯಡ್ಡು. ಅದಕ್ಕಾಗಿ ಅವರು ಯಾರೊಡನೆಯೂ ಜಗಳವಾಡಲಿಲ್ಲ. ಸಂಜೆ ಮನೆಯಲ್ಲಿ ಕಲಿಸಿದರು. ಬಂದ ಮಕ್ಕಳ ಜಾತಿ ಕೇಳಲಿಲ್ಲ, ಮನೆ ಎಲ್ಲಿ ಎಂದೂ ಕೇಳಲಿಲ್ಲ. ‘ಬೆರಳು ತೋರಿಸು’ ಎಂದು ಮಾತ್ರ ಕೇಳಿದರು.

ಅವರ ತಂದೆ ದೊಡ್ಡಬೈರಪ್ಪನವರು ಮಾಗಡಿ ಕಡೆಯ ರೈತರು. ಮಕ್ಕಳ ಓದಿಗೆಂದು ಪೇಟೆಯಲ್ಲಿ ಮನೆ ಮಾಡಿದವರು ವಾರಕ್ಕೊಮ್ಮೆ ಊರಿಗೆ ಹೋಗಿ ಹೊಲ ನೋಡಿಕೊಂಡು ಬರುತ್ತಿದ್ದರು. ಪಕ್ಕದ ಮನೆಯ ವೀಣೆಯನ್ನು ಕೇಳಿ ಕೇಳಿ ಮಗಳು ಅನ್ನದ ತಟ್ಟೆಯ ಅಂಚನ್ನೇ ಮೀಟತೊಡಗಿದಾಗ ಅವರು ಹೊಲದ ಬದುವಿನ ಹಲಸಿನ ಮರವನ್ನು ಕಡಿಸಿ, ದೊಡ್ಡಬಳ್ಳಾಪುರದ ಕಡೆಯ ವೀಣೆ ಮಾಡುವವರಿಗೆ ದಿಮ್ಮಿ ಕೊಟ್ಟು ವೀಣೆ ಮಾಡಿಸಿ ತಂದರು. ಬರಗಾಲದ ವರ್ಷಗಳಲ್ಲಿ ಮನೆಮಂದಿಗೆಲ್ಲ ಹೊಟ್ಟೆಗಾದ ಮರ ಅದು. ವಿಶಾಲಮ್ಮನವರ ತಾಯಿ ಆ ವೀಣೆಯನ್ನು ಬಹಳ ಕಾಲ ಮುಟ್ಟಲಿಲ್ಲವಂತೆ. ದೊಡ್ಡಬೈರಪ್ಪನವರೂ ಮಗಳು ಶ್ರುತಿ ಮಾಡುವಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದರಂತೆ. ‘ಒಂದು ಕಡಿಸಿದೀನಿ, ನೀನು ಬದುಕಿರೋವರೆಗೂ ನೆಡ್ತಾ ಇರು’ ಎಂದು ಒಮ್ಮೆ ಹೇಳಿದ್ದರು. ಹುಡುಗಿಯ ಮನಸ್ಸಿನಲ್ಲಿ ಆ ಮಾತು ನಿಂತುಬಿಟ್ಟಿತು.

ಹಾಗಾಗಿ ಪಾಠಕ್ಕೆ ಬರುವವರಿಗೆ ಅವರು ಒಂದು ಪದ್ಧತಿ ಇಟ್ಟರು. ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಮೊದಮೊದಲ ಪಾಠಗಳನ್ನು ದಾಟಿ ಮೊದಲ ವರ್ಣವನ್ನು ತಪ್ಪಿಲ್ಲದೆ ನುಡಿಸಿದವರು ಆ ವರ್ಷದ ವಿಜಯದಶಮಿಯ ದಿನ ಗುರುದಕ್ಷಿಣೆಯಾಗಿ ಒಂದು ಹಲಸಿನ ಸಸಿ ತರಬೇಕು. ತೆಂಗಿನಕಾಯಿ, ಸೀರೆ, ಕವರು ಯಾವುದೂ ಬೇಡ. ಸಸಿಯನ್ನು ಮನೆಯ ಮುಂದಿನ ಫುಟ್‌ಪಾತಿನ ಮಣ್ಣಿನಲ್ಲಿ ನೆಟ್ಟು, ಕಿಟಕಿ ತೆರೆದಿಟ್ಟು, ಅದಕ್ಕೆ ಕೇಳುವಂತೆ ವರ್ಣ ನುಡಿಸಬೇಕು. ದೇವಸ್ಥಾನದ ಗಂಟೆ, ಹಾಡು, ಮಾತು ಕೇಳುತ್ತ ಬೆಳೆದ ಹಲಸಿನಲ್ಲೇ ನಾದ ಚೆನ್ನಾಗಿರುತ್ತದೆಂದು ವೀಣೆ ಮಾಡುವವರಲ್ಲಿ ಹಳೆಯ ನಂಬಿಕೆ. ವಿಶಾಲಮ್ಮನವರು ಅದನ್ನು ಮನಸಾರೆ ನಂಬಿದ್ದರು. ನಾವು ಯಾರೂ ಇಲ್ಲದ ಕಾಲಕ್ಕೆ ಈ ಮರಗಳಿಂದ ವೀಣೆಯಾದಾವು, ಆಗ ಕಲಿಯುವ ಮಕ್ಕಳಿಗೆ ಕಾಡಿನ ಮರ ಹುಡುಕುವ ಕಷ್ಟವಿರದು ಎನ್ನುತ್ತಿದ್ದರು. ಪಾರ್ಕಿನಲ್ಲಿ ನೆಡಬಹುದಲ್ಲ ಎಂದವರಿಗೆ ‘ಪಾರ್ಕಿಗೆ ವೀಣೆ ಕೇಳ್ಸುತ್ತಾ?’ ಎಂದು ಉತ್ತರ.

ನೆಟ್ಟವುಗಳಲ್ಲಿ ಕೆಲವನ್ನು ದನ ತಿಂದವು, ಕೆಲವು ಕೇಬಲ್ಲಿನ ಅಗೆತಕ್ಕೆ ಹೋದವು. ಆರು ಮರಗಳು ನಿಂತವು. ಅವರ ಪಾಠದ ಕಿಟಕಿಗೆ ತೀರ ಹತ್ತಿರದ್ದು, ಎಲ್ಲಕ್ಕಿಂತ ದೊಡ್ಡದು, ಮೊದಮೊದಲ ಶಿಷ್ಯೆ ಪ್ರತಿಭಾ ನೆಟ್ಟದ್ದು.

ಪದ್ಧತಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಗುರುದಕ್ಷಿಣೆಯಾಗಿ ಕೊಟ್ಟ ಮರದ ಕಾಯನ್ನು ಗುರುವಾಗಲಿ ಶಿಷ್ಯರಾಗಲಿ ಕೀಳಬಾರದು, ತಿನ್ನಬಾರದು. ಕೊಟ್ಟದ್ದನ್ನು ತಿರುಗಿ ತೆಗೆದುಕೊಂಡಂತಾಗುತ್ತದೆ. ದಾರಿಹೋಕರು ಕೈಗೆಟುಕಿದ್ದನ್ನು ಕೊಯ್ದುಕೊಂಡರೆ ಅದು ಅವರ ಭಾಗ್ಯ. ತಾಯಿಯ ಅಂದಿನ ಮುನಿಸು ಈ ಕಟ್ಟಳೆಯ ಹಿಂದೆ ಇದ್ದಿರಬಹುದು. ಮರ ಚಿಕ್ಕದಿದ್ದಾಗ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಹಲಸು ಬೆಳೆದಂತೆ ಕಾಯಿ ಮೇಲುಮೇಲಕ್ಕೆ ಹೋಯಿತು. ಕೈಗೆಟುಕದ್ದು ಅಲ್ಲೇ ಬಲಿತು, ಹಣ್ಣಾಗಿ, ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತಿತ್ತು.

ಪ್ರತಿಭಾಳ ಮರದ ಬುಡದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವವರು ಹನುಮಕ್ಕ. ಮುಂಜಾನೆ ಮಾರ್ಕೆಟ್ಟಿನಿಂದ ಬಿಡಿ ಹೂ ತಂದು, ಅಲ್ಲೇ ಬಾಳೆನಾರಿನಲ್ಲಿ ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಆ ಮರಕ್ಕೆ ನೆರಳು ಬಂದಂದಿನಿಂದ ಅವರ ಅಂಗಡಿ ಅಲ್ಲಿಯೇ. ಬೀದಿಯ ಮದುವೆ, ಸೀಮಂತ, ಸಾವು ಎಲ್ಲಕ್ಕೂ ಅವರದೇ ಹೂವು. ಅವರ ಮಗ ಲಕ್ಷ್ಮೀಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಮೊಮ್ಮಗಳು ಮೋನಿಷಾ ಚಿಕ್ಕಂದಿನಲ್ಲಿ ಸಂಜೆ ಶಾಲೆ ಮುಗಿದ ಮೇಲೆ ಅಜ್ಜಿಯ ಬುಟ್ಟಿಯ ಪಕ್ಕದಲ್ಲಿ ಕುಳಿತು, ಒಳಗಿನಿಂದ ಬರುವ ಸ್ವರಕ್ಕೆ ತೊಡೆ ತಟ್ಟುತ್ತಿದ್ದಳು. ಒಂದು ಸಂಜೆ ವಿಶಾಲಮ್ಮನವರು ಹೊರಬಂದು ಬೆರಳು ನೋಡಿ ಒಳಗೆ ಕರೆದೊಯ್ದರು. ಒಬ್ಬಿಬ್ಬರು ತಾಯಂದಿರು ಮುಖ ಸಿಂಡರಿಸಿಕೊಂಡರು. ತಮ್ಮ ಮಕ್ಕಳನ್ನು ಬಿಡಿಸಿಯೂ ಬಿಟ್ಟರು. ವಿಶಾಲಮ್ಮನವರು ಆ ಮಾತನ್ನೇ ಎತ್ತಲಿಲ್ಲ. ಮೋನಿಷಾ ಬೆಳೆದು ಡಿಗ್ರಿ ಕಾಲೇಜಿಗೆ ಸೇರಿದಳು. ಅಷ್ಟು ಹೊತ್ತಿಗೆ ಅವಳ ಎಡಗೈಯ ಗಮಕದಲ್ಲಿ ಗುರುವಿನ ಕೈಯೇ ಕಾಣಿಸುತ್ತಿತ್ತು. ಬರುವ ವಿಜಯದಶಮಿಗೆ ಸಸಿ ನೆಡುವ ಸರದಿ ಅವಳದು.

ಶಶಿಕುಮಾರ್ ನಮ್ಮ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಕೆಟ್ಟ ಮನುಷ್ಯರಲ್ಲ, ಮಾತು ಮಾತ್ರ ಸ್ವಲ್ಪ ಖಾರ. ಎರಡು ವರ್ಷಗಳ ಹಿಂದೆ ಅವರ ಹೊಸ ಕಾರಿನ ಗಾಜಿನ ಮೇಲೆ ಒಂದು ಹಣ್ಣು ಬಿದ್ದಾಗ ವಿಶಾಲಮ್ಮನವರ ಗೇಟಿನ ಬಳಿ ಬಂದು ನಿಂತಿದ್ದರು.

“ಮೇಡಂ, ನಿಮ್ಮ ಶಿಷ್ಯರು ಒಳಗೆ ಬಾರಿಸ್ಲಿ, ಸಂತೋಷ. ನಿಮ್ಮ ಮರ ಹೊರಗೆ ನಮ್ಮ ತಲೆ ಮೇಲೆ ಬಾರಿಸೋದು ಬೇಡ. ಎಳೇದಿದ್ದಾಗ್ಲೇ ಕಾಯಿ ಕೀಳ್ಸಿಬಿಡಿ. ಆಳು ನಾನೇ ಕಳಿಸ್ತೀನಿ.”

ಅವರು ಕೈಮುಗಿದು, ಅದೊಂದು ಆಗುವುದಿಲ್ಲ, ಅದು ಕೊಟ್ಟ ವಸ್ತು ಎಂದರು. ತಾವು ಕೀಳಿಸುವುದಿಲ್ಲ, ತಮ್ಮ ಕಣ್ಣೆದುರು ಕೀಳುವುದನ್ನು ನೋಡುವುದೂ ಇಲ್ಲ. ಹಿರಿಯರ ಮಾತು ಮೀರಿ ಆಳು ಕಳಿಸಲು ಶಶಿಕುಮಾರರಿಗೆ ಮನಸ್ಸಾಗಲಿಲ್ಲ. ಕಾರನ್ನು ಮುಂದಿನ ತಿರುವಿನಲ್ಲಿ ನಿಲ್ಲಿಸತೊಡಗಿದರು.

ಕಳೆದ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಗಾಳಿ ಏಳುವ ದಿನಗಳಲ್ಲಿ, ಅನರ್ಥವಾಯಿತು. ಬೆಳಗಿನ ಹೊತ್ತು. ಮೋನಿಷಾ ಒಳಗೆ ಕುಳಿತು ವರ್ಣದ ಚರಣವನ್ನು ಎರಡನೆಯ ಕಾಲದ ವೇಗದಲ್ಲಿ ಅಭ್ಯಾಸ ಮಾಡುತ್ತಿದ್ದಳು. ಹೊರಗೆ ಹನುಮಕ್ಕ ಕನಕಾಂಬರ ಕಟ್ಟುತ್ತಿದ್ದರು. ಗಾಳಿ ಬೀಸಿತು. ಕೊಂಬೆ ಮುರಿದ ಸದ್ದಿಲ್ಲ, ಹಣ್ಣು ಬಿದ್ದ ಸದ್ದು ಮಾತ್ರ. ಒಳಗಿದ್ದವರು ಹಾಗೆ ಹಣ್ಣು ಬೀಳುವುದನ್ನು ಎಷ್ಟೋ ಸಲ ಕೇಳಿದ್ದರು, ಆದ್ದರಿಂದ ಯಾರೂ ಏಳಲಿಲ್ಲ. ಹೂ ಕೊಳ್ಳಲು ನಿಂತಿದ್ದ ಹೆಂಗಸು ಕೂಗಿಕೊಂಡ ಮೇಲೆಯೇ ಮೋನಿಷಾ ಓಡಿದ್ದು.

ಹಣ್ಣು ಬಲಭುಜದ ಮೇಲೆ ಬಿದ್ದಿತ್ತು. ಒಂದು ಗೇಣು ಈಚೆಗೆ ಬಿದ್ದಿದ್ದರೆ ತಲೆಯೇ. ಕಾರು ತೆಗೆದು ಆಸ್ಪತ್ರೆಗೆ ಕರೆದೊಯ್ದವರು ಶಶಿಕುಮಾರರೇ. ಹಿಂದಿನ ಸೀಟಿನಲ್ಲಿ ಅಜ್ಜಿಯ ತಲೆ ಮೊಮ್ಮಗಳ ತೊಡೆಯ ಮೇಲೆ. ಭುಜದ ಮೂಳೆ ಎರಡು ಕಡೆ ಮುರಿದಿತ್ತು. ತಂತಿ ಹಾಕಿ ಕೂಡಿಸಿದರು. ಕೈ ಮೊದಲಿನಂತೆ ಮೇಲಕ್ಕೆ ಏಳುವ ಭರವಸೆ ಕೊಡಲು ಡಾಕ್ಟರು ಒಪ್ಪಲಿಲ್ಲ.

ಅಂದು ಸಂಜೆ ವಿಶಾಲಮ್ಮನವರು ಫುಟ್‌ಪಾತನ್ನು ತಾವೇ ತೊಳೆದರು. ತೊಳೆ ಒಡೆದು ಮೇಣ ಕಲ್ಲಿಗೆ ಅಂಟಿಕೊಂಡಿತ್ತು, ಅದರಲ್ಲಿ ಕನಕಾಂಬರ ಮೆತ್ತಿಕೊಂಡಿತ್ತು. ಮೇಣ ನೀರಿಗೆ ಹೋಗುವುದಿಲ್ಲವೆಂದು ರೈತರ ಮಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನೀರು ಹಾಕಿ ಉಜ್ಜುತ್ತಲೇ ಇದ್ದರು. ನನ್ನ ಹೆಂಡತಿ ಒಂದಿಷ್ಟು ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋಗಿ ಕೊಟ್ಟು ಬಂದಳು.

ಸಂಘದವರು ಮರುವಾರವೇ ಸಭೆ ಸೇರಿದರು. ಆರೂ ಮರಗಳನ್ನು ತೆಗೆಸಬೇಕೆಂದು ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಹೋಯಿತು. ಇತ್ತ ಸ್ವರೂಪ್ ಎಂಬ ಹಳೆಯ ಶಿಷ್ಯನಿಗೆ ಸುದ್ದಿ ಮುಟ್ಟಿತು. ಅವನು ಈಗ ಮಲ್ಲೇಶ್ವರದಲ್ಲಿದ್ದಾನೆ, ಮರ ಉಳಿಸುವವರ ಗುಂಪೊಂದರಲ್ಲಿ ಓಡಾಡುತ್ತಾನೆ. ಸಾಲಿನ ಮೂರನೆಯ ಮರ ಅವನೇ ನೆಟ್ಟದ್ದು. ಒಂದು ಭಾನುವಾರ ಮೂವತ್ತು ನಲವತ್ತು ಜನರನ್ನು ಕರೆತಂದು ಮರಗಳಿಗೆ ಹಳದಿ ಬಟ್ಟೆ ಸುತ್ತಿಸಿದ. ‘ಸಂಗೀತ ಕೇಳಿ ಬೆಳೆದ ಮರಗಳು’ ಎಂದು ಬರೆದ ಬ್ಯಾನರು ಕಟ್ಟಿದ. ಮಕ್ಕಳು ಮರವನ್ನು ಅಪ್ಪಿಕೊಂಡು ಹಾಡಿದರು, ಫೋಟೋಗಳು ಎಲ್ಲ ಕಡೆ ಹರಿದಾಡಿದವು. ನಗರದ ಬಿಸಿಲು, ಅಂತರ್ಜಲ, ಹಕ್ಕಿಗಳು ಎಂದು ಅವನು ಆಡಿದ ಮಾತು ಒಂದೂ ಸುಳ್ಳಲ್ಲ. ಗುರುಗಳು ಮರದಡಿ ಕುಳಿತು ವೀಣೆ ನುಡಿಸಬೇಕೆಂದು ಕೇಳಿಕೊಂಡಾಗ ಮಾತ್ರ ಅವರು ಒಳಗಿನಿಂದ ಬರಲಿಲ್ಲ.

ಅವನು ಒಳಗೆ ಹೋಗಿ ಕಾಲ ಬಳಿ ಕುಳಿತು ಕೇಳಿದನಂತೆ. ಹನುಮಕ್ಕನನ್ನು ನೋಡಿಕೊಂಡು ಬಂದೆಯಾ ಎಂದು ಅವರು ಕೇಳಿದರು. ಇನ್ನೂ ಇಲ್ಲ, ಹೋಗಬೇಕು ಎಂದ. “ಹಾಗಾದ್ರೆ ಮೊದ್ಲು ಹೋಗಿ ಬಾ. ಮರಕ್ಕೆ ಬಟ್ಟೆ ಸುತ್ತೋಕೆ ಬಂದವ್ರು ಆಯಮ್ಮನ ಕೈ ಕಟ್ಟು ನೋಡ್ದೆ ಹೋಗೋದು ಸರಿಯಲ್ಲ ಕಣೋ” ಎಂದರು. ಅವನು ಹೋದನೋ ಇಲ್ಲವೋ ನನಗೆ ತಿಳಿಯದು.

ಮೋನಿಷಾ ಪಾಠಕ್ಕೆ ಬರುವುದನ್ನು ನಿಲ್ಲಿಸಿದ್ದಳು. ಅವಳು ನುಡಿಸುತ್ತಿದ್ದ ವೀಣೆಗೆ ಕವಚ ಹಾಕಿ ಗೋಡೆಗೆ ಒರಗಿಸಿದ್ದರು. ಜೂನ್ ಕೊನೆಯಲ್ಲಿ ವಿಶಾಲಮ್ಮನವರೇ ಅವಳ ಮನೆಗೆ ಹೋದರು. ರಸ್ತೆ ದಾಟಲು ಕಷ್ಟವೆಂದು ನನ್ನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದರಿಂದ ಅಲ್ಲಿ ನಡೆದದ್ದು ನನಗೆ ಗೊತ್ತಾಯಿತು. ಎರಡು ಕೋಣೆಯ ಮನೆ. ಹನುಮಕ್ಕ ನೋವಿನ ಮಾತ್ರೆ ನುಂಗಿ ಒಳಗೆ ಮಲಗಿ ನಿದ್ದೆ ಹೋಗಿದ್ದರು. ಮೋನಿಷಾ ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿ, ತಾನು ನಿಂತೇ ಮಾತಾಡಿದಳು.

“ಅಜ್ಜಿಗೆ ಬಾಚಣಿಗೆ ಹಿಡಿಯೋಕಾಗಲ್ಲ ಮಿಸ್. ತಲೆ ನಾನೇ ಬಾಚ್ತೀನಿ. ನಮ್ಮಜ್ಜಿ ಮೇಲೆ ಅದು ಬೀಳೋವಾಗ ನಾನು ಒಳಗೆ ಅದಕ್ಕೇ ವರ್ಣ ಕೇಳಿಸ್ತಾ ಕೂತಿದ್ದೆ.”

ವಿಶಾಲಮ್ಮನವರು ಒಳಕೋಣೆಯ ಬಾಗಿಲ ಕಡೆ ನೋಡಿದರು.

“ಆ ಮರ ಅಲ್ಲಿರೋವರೆಗೂ ನಾನು ಆ ಬಾಗಿಲು ದಾಟಲ್ಲ. ನೀವು ಬೈದ್ರೂ ಸರಿ.”

ಬೈಯಲು ಅವರಲ್ಲಿ ಶಕ್ತಿಯಿರಲಿಲ್ಲ. ಹನುಮಕ್ಕನನ್ನು ಎಬ್ಬಿಸಲೇ ಎಂದು ಮೋನಿಷಾ ಕೇಳಿದ್ದಕ್ಕೆ ಬೇಡ, ಮಲಗಲಿ ಪಾಪ ಎಂದು ಎದ್ದು ಬಂದುಬಿಟ್ಟರು. ಆ ಮನೆಯವರ ಮನಸ್ಸು ತಮಗೆ ತಿಳಿಯಿತೆಂದು ಅವರು ಭಾವಿಸಿದರು.

ಜುಲೈಯಲ್ಲಿ ಅರಣ್ಯ ವಿಭಾಗದ ಅಧಿಕಾರಿ ಅನಿಲ್ ಕುಮಾರ್ ಎಂಬವರು ಸ್ಥಳ ನೋಡಲು ಬಂದರು. ತಾಳ್ಮೆಯ ಮನುಷ್ಯ. ಒಂದೊಂದು ಮರದ ಕಾಂಡವನ್ನು ಬಡಿದು ನೋಡಿ, ಮರಗಳೆಲ್ಲ ಗಟ್ಟಿಯಾಗಿವೆ, ಬೀಳುವ ಭಯವಿಲ್ಲ, ತೊಂದರೆ ಕಾಯಿಯದು ಮಾತ್ರ ಎಂದರು. ಪ್ರತಿ ವರ್ಷ ಬಲಿಯುವ ಮೊದಲು ಕಾಯಿ ತೆಗೆಸುವ ಹೊಣೆಯನ್ನು ಯಾರಾದರೂ ಹೊತ್ತರೆ ಆರನ್ನೂ ಉಳಿಸಬಹುದು. ಇಲ್ಲವಾದರೆ ಸಂಘದ ಅರ್ಜಿಯನ್ನು ಒಪ್ಪಬೇಕಾಗುತ್ತದೆ. ಸಂಘಕ್ಕೆ ಆ ಹೊಣೆ ಬೇಡವಾಗಿತ್ತು. ಸ್ವರೂಪನ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಊರಿನ ತುಂಬ ಇಂಥ ಮರಗಳಿದ್ದವು.

ಇದನ್ನೆಲ್ಲ ನೆಟ್ಟವರು ಯಾರು ಎಂದು ಅಧಿಕಾರಿ ಕೇಳಿದಾಗ ಬೀದಿಯವರ ಕಣ್ಣೆಲ್ಲ ವಿಶಾಲಮ್ಮನವರ ಗೇಟಿನ ಕಡೆ ತಿರುಗಿತು. ಅವರು ಕೆಳಗಿಳಿದು ಬಂದು ಪ್ರತಿಭಾಳ ಮರದ ಬುಡದಲ್ಲಿ ನಿಂತರು. ಮಳೆ ಹನಿಯುತ್ತಿತ್ತು.

“ನಾನೇ ನೆಡ್ಸಿದ್ದು ಸ್ವಾಮಿ. ಅಲ್ಲಿರೋ ಐದಕ್ಕೂ ನಾನು ಹೊಣೆ. ಕಾಯಿ ನಾನೇ ಕೀಳ್ಸ್ತೀನಿ, ಬರೆದು ಕೊಡ್ತೀನಿ. ಇದೊಂದನ್ನ ತೆಗೆದುಬಿಡಿ.”

ಶಶಿಕುಮಾರರಿಗೂ ಇದು ಅನಿರೀಕ್ಷಿತ. ಒಂದನ್ನು ಕಡಿದು ಐದನ್ನು ಇಟ್ಟುಕೊಂಡರೆ ತಮಗೇನು ಲಾಭ ಎಂದು ಗೊಣಗಿ ಸುಮ್ಮನಾದರು. ಸ್ವರೂಪ ಮುಂದೆ ಬಂದು, ಇದು ಪ್ರತಿಭಾ ಅಕ್ಕನ ಮರ, ಎಲ್ಲಕ್ಕಿಂತ ಮೊದಲನೆಯದು ಎಂದು ಏನೇನೋ ಹೇಳಿದ. ಹೊಣೆ ಹೊರಲು ಹೇಗೂ ನೀವು ಒಪ್ಪಿದ್ದೀರಿ, ಹಾಗಿದ್ದ ಮೇಲೆ ಇದೂ ಇರಲಿ ಎಂದ. ಅವನ ಮಾತು ನ್ಯಾಯವಾದದ್ದೇ. ವಿಶಾಲಮ್ಮನವರು ಅವನ ಕಡೆ ನೋಡಲಿಲ್ಲ. ಒಂದು ಹುಡುಗಿ ಬಾಗಿಲು ದಾಟಬೇಕೆಂದು ಅವರು ಆ ಮರವನ್ನು ಕೊಟ್ಟುಬಿಟ್ಟಿದ್ದರು.

ಆಗಸ್ಟ್‌ನ ಒಂದು ಬೆಳಿಗ್ಗೆ ಗರಗಸದ ಯಂತ್ರ ಬಂತು. ಕೊಂಬೆಗಳು ಇಳಿದು ಕಾಂಡ ಮಾತ್ರ ಉಳಿದಿದ್ದ ಹೊತ್ತಿಗೆ ಹನುಮಕ್ಕ ಬಂದರು. ಬಲಗೈ ಕುತ್ತಿಗೆಗೆ ಕಟ್ಟಿದ್ದ ಜೋಲಿಯಲ್ಲಿ, ಎಡಗೈಯಲ್ಲಿ ಬುಟ್ಟಿ, ಹಿಂದೆ ಮೋನಿಷಾ. ಮತ್ತೆ ಅಂಗಡಿ ಹೂಡೋಣವೆಂದು ಅಂದೇ ಮೊದಲು ಮನೆಯಿಂದ ಹೊರಟವರು. ಮರದ ಮಾತನ್ನು ಮನೆಯಲ್ಲಿ ಯಾರೂ ಅವರ ಕಿವಿಗೆ ಹಾಕಿರಲಿಲ್ಲ. ಇವತ್ತು ಬೇಡ ಎಂದು ಮೋನಿಷಾ ಹಾದಿಯಲ್ಲೆಲ್ಲ ಹೇಳಿದರೂ ಕೇಳದೆ ಬಂದಿದ್ದರು. ತಮ್ಮ ಜಾಗದ ಮೇಲೆ ಬಿದ್ದಿದ್ದ ಬಿಸಿಲನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಗೇಟಿನ ಬಳಿ ವಿಶಾಲಮ್ಮನವರೂ ನಿಂತಿದ್ದರು.

“ಯಾರನ್ನ ಕೇಳಿ ಕಡ್ಸಿದ್ರಿ ಟೀಚರಮ್ಮ?”

ನಿನಗೆ ನೋವಾಯಿತಲ್ಲ, ಅದಕ್ಕೇ ಎಂದು ಇವರು ಹೇಳತೊಡಗಿದರು.

“ಬಿದ್ದಿದ್ದು ನನ್ ಮೇಲೆ. ಕೇಳ್ಬೇಕಾಗಿದ್ದೂ ನನ್ನೇ. ಕೈ ಮುರೀತು, ಸರಿ. ಈಗ ನೆರಳನ್ನೂ ಕಿತ್ಕೊಂಡ್ರಿ. ಈ ಬಿಸಿಲಲ್ಲಿ ಮಲ್ಲಿಗೆ ಎಷ್ಟೊತ್ತು ತಡೆಯುತ್ತೆ?”

ಯಂತ್ರದವನು ಸದ್ದು ನಿಲ್ಲಿಸಿದ.

“ಕಾಯಿ ಕಿತ್ತಿದ್ರೆ ಆಗ್ತಿತ್ತಲ್ವಾ. ಕಾಯಿ ಕೀಳೋಕೆ ನಿಮ್ಗೆ ಮಡಿ. ಮರ ಕೀಳೋಕೆ ಮಡಿ ಇಲ್ವಾ?”

ಮೋನಿಷಾ ಅಜ್ಜಿಯ ಬುಟ್ಟಿ ಹಿಡಿದುಕೊಂಡು, ಕಡಿಯಲು ಹೇಳಿದ್ದು ನಾನೇ, ಮಿಸ್‌ಗೆ ಬೈಯಬೇಡ ಎಂದಳು. ಹನುಮಕ್ಕ ಮೊಮ್ಮಗಳ ಮುಖವನ್ನು ಒಮ್ಮೆ ನೋಡಿದರು. “ನೀನ್ಯಾರೇ ನನ್ ಜಾಗದ ಮಾತಾಡೋಕೆ” ಎಂದಷ್ಟೇ ಹೇಳಿ, ಅಲ್ಲೇ ಬಿಸಿಲಿನಲ್ಲಿ, ಮರದ ಹೊಟ್ಟಿನ ಮೇಲೆ, ಒಂದೇ ಕೈಯಿಂದ ಚೀಲ ಹಾಸಿಕೊಂಡು ಕುಳಿತರು. ಅಂದು ಅವರ ಬಳಿ ಹೂ ಕೊಳ್ಳಲು ಬೀದಿಯವರೆಲ್ಲ ಬಂದರು. ವಿಶಾಲಮ್ಮನವರು ಬರಲಿಲ್ಲ. ಬರುವ ಧೈರ್ಯವಾಗಲಿಲ್ಲ.

ಕಾಂಡವನ್ನಾದರೂ ವೀಣೆಗೆ ಉಳಿಸೋಣವೆಂದು ಅವರಿಗೆ ಆಸೆಯಿತ್ತು. ಅವರ ತಂದೆಯ ಕಾಲದಿಂದ ಪರಿಚಯದ ವೀಣೆ ಮಾಡುವ ಮನೆತನದ ಅಂಜನಪ್ಪ ಎಂಬವರನ್ನು ಕರೆಸಿದರು. ಮರದೊಳಗೆ ಬೋರ್ಡು ಹೊಡೆದ ಮೊಳೆಗಳು, ಕೇಬಲ್ಲಿನವರು ಬಿಗಿದ ತಂತಿ, ದೀಪಾವಳಿಗೆ ಸರ ಕಟ್ಟಿದ ಕೊಕ್ಕೆ ಎಲ್ಲವೂ ಸೇರಿ ಬೆಳೆದುಹೋಗಿದ್ದವು. ವೀಣೆಯ ಕೊಡ ಕೊರೆಯುವಷ್ಟು ಶುದ್ಧವಾದ ತುಂಡು ಒಂದೂ ಸಿಗಲಿಲ್ಲ. ಅಂಜನಪ್ಪ ವಿಶಾಲಮ್ಮನವರ ಮನಸ್ಸಿಗೆ ನೋವಾಗದಂತೆ ಹೇಳಿ, ಕಾಫಿ ಕುಡಿದು ಹೊರಟುಹೋದರು. ಕಂಟ್ರಾಕ್ಟರು ಸೌದೆಗೆ ಒಯ್ದ.

ಅದಾದ ಮೇಲೆ ಅವರು ಪಾಠ ನಿಲ್ಲಿಸಿದರು. ಮಳೆಗಾಲವೆಲ್ಲ ಆ ಮನೆಯಿಂದ ಸ್ವರ ಕೇಳಲಿಲ್ಲ. ನಾನು ಒಂದೆರಡು ಸಲ ಹೋಗಿ ಕುಳಿತು ಬಂದೆ. ಶಾಲೆಯ ದಿನಗಳಿಗೆ ಮಾತು ತಿರುಗಿಸಲು ನೋಡಿದೆ, ಗಣಿತದವರ ಕಥೆ ಎತ್ತಿದೆ. ಅವರು ಮರ್ಯಾದೆಗೆ ನಕ್ಕರು. ಒಮ್ಮೆ ಮಾತ್ರ ತಾವಾಗಿಯೇ ಹೇಳಿದರು. ತಮ್ಮ ತಂದೆ ನೆಡು ಎಂದರೇ ಹೊರತು ತಿನ್ನಬೇಡ ಎಂದಿರಲಿಲ್ಲ. ಅದನ್ನು ಸೇರಿಸಿದ್ದು ತಾವೇ. ಬದುವಿನ ಮರದ ಕಾಯನ್ನು ತಂದೆ ಪ್ರತಿ ವರ್ಷ ತಾವೇ ಹತ್ತಿ ಇಳಿಸುತ್ತಿದ್ದರು. ಅದನ್ನು ಚಿಕ್ಕಂದಿನಲ್ಲಿ ಕೆಳಗೆ ನಿಂತು ನೋಡಿದವರು ಇವರು.

ಹನುಮಕ್ಕ ದಿನವೂ ಅದೇ ಜಾಗದಲ್ಲಿ ಕೂರುತ್ತಿದ್ದರು. ಮಗ ಒಂದು ದೊಡ್ಡ ಛತ್ರಿ ತಂದು ನೆಟ್ಟುಕೊಟ್ಟಿದ್ದ. ಕಾಲೇಜಿಗೆ ಹೋಗುವ ಮೊದಲು ಮೋನಿಷಾ ಬಂದು ಹೂ ಕಟ್ಟಿ ಕೊಡುವಳು. ಗೇಟಿನೊಳಗಿನ ಜಗಲಿಯ ಮೇಲೆ ಕುಳಿತುಕೊಳ್ಳಲು ವಿಶಾಲಮ್ಮನವರು ಹೇಳಿ ಕಳುಹಿಸಿದ್ದಕ್ಕೆ, ಒಳಗೆ ಕೂತರೆ ಹೂ ಯಾರಿಗೆ ಕಾಣುತ್ತದೆ ಎಂದು ಉತ್ತರ ಬಂತು. ನೇರ ಮಾತಿಲ್ಲ. ವಿಶಾಲಮ್ಮನವರ ದೇವರ ಹೂವು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮೋನಿಷಾ ಗೇಟಿನ ಚಿಲಕಕ್ಕೆ ಸಿಕ್ಕಿಸಿ ಹೋಗುತ್ತಿದ್ದಳು.

ವಿಜಯದಶಮಿಯ ದಿನ ಅವಳು ಗೇಟಿನಲ್ಲಿ ನಿಲ್ಲದೆ ಒಳಗೆ ಬಂದಳು. ಹಬ್ಬಕ್ಕೆಂದು ಕುಶಲ ಕೇಳಲು ಹೋಗಿದ್ದ ನಾನೂ ನನ್ನ ಹೆಂಡತಿಯೂ ಅಲ್ಲಿದ್ದೆವು. ಅವಳು ಗೋಡೆಗೆ ಒರಗಿಸಿದ್ದ ವೀಣೆಯ ಕವಚ ತೆಗೆದಳು. ತಂತಿಗಳೆಲ್ಲ ಇಳಿದುಹೋಗಿದ್ದವು. ಬಹಳ ಹೊತ್ತು ಶ್ರುತಿ ಮಾಡಿಕೊಂಡು, ಆ ವರ್ಣವನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದಳು. ಎರಡು ಕಡೆ ತಪ್ಪಿತು. ತಪ್ಪಿದಲ್ಲಿ ನಿಲ್ಲಲಿಲ್ಲ. ಮುಗಿಸಿ ವೀಣೆಗೆ ನಮಸ್ಕಾರ ಮಾಡಿ, ಗುರುವಿನ ಕಾಲಿಗೂ ನಮಸ್ಕಾರ ಮಾಡಿದಳು. ವಿಶಾಲಮ್ಮನವರ ಕಣ್ಣು ಅವಳ ಬರಿಗೈಯನ್ನು ನೋಡಿರಬೇಕು.

“ನಾನು ಸಸಿ ತಂದಿಲ್ಲ ಮಿಸ್. ತರೋದೂ ಇಲ್ಲ. ನೆಡೋದು ಸುಲಭ, ಒಂದು ದಿನದ ಕೆಲ್ಸ. ಆಮೇಲೆ ನೋಡ್ಕೊಳ್ಳೋರು ಯಾರು? ನಾನು ಮುಂದೆ ಎಲ್ಲಿರ್ತೀನೋ ನಂಗೇ ಗೊತ್ತಿಲ್ಲ.”

ಅವರು ತಲೆಯಾಡಿಸಿದರು.

“ಬೇಡ ಬಿಡು. ಇನ್ಮೇಲೆ ಯಾರೂ ತರೋದು ಬೇಡ. ಇರೋ ಐದಕ್ಕೆ ಕಾಯಿ ಕೀಳ್ಬೇಕು. ಒಬ್ಳೇ ಆಗಲ್ಲ ನನ್ ಕೈಲಿ. ಬರ್ತೀಯಾ?”

ಬರುತ್ತೇನೆ ಎಂದಳು. ಎರಡು ಕಡೆ ತಪ್ಪಿತಲ್ಲ, ನಾಳೆಯಿಂದ ಅಭ್ಯಾಸಕ್ಕೆ ಬಾ ಎಂದು ಅವರು ಹೇಳಿದರು. ಅಂತೂ ಪಾಠ ಮತ್ತೆ ಶುರುವಾಯಿತು, ಮೊದಲಿಗಿಂತ ಕಡಿಮೆ ಮಕ್ಕಳೊಂದಿಗೆ.

ಈ ಫೆಬ್ರವರಿಯಲ್ಲಿ ಐದು ಮರಗಳೂ ಕಾಯಿ ಬಿಟ್ಟವು. ವಿಶಾಲಮ್ಮನವರು ವೆಂಕಟಪ್ಪ ಎಂಬ ಮರ ಹತ್ತುವವರನ್ನು ಕರೆಸಿದರು. ಭಾನುವಾರ ಬೆಳಿಗ್ಗೆ ಶಿಷ್ಯರೆಲ್ಲ ಗೋಣಿಚೀಲ, ಹಗ್ಗ ಹಿಡಿದು ಸೇರಿದರು. ಶಶಿಕುಮಾರರು ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು, ಆಳು ನಾನು ಕಳಿಸುತ್ತೇನೆ ಎಂದಾಗಲೇ ಒಪ್ಪಿದ್ದರೆ ಎಂದು ಆರಂಭಿಸಿದವರು, ವಿಶಾಲಮ್ಮನವರ ಮುಖ ನೋಡಿ ವಾಕ್ಯ ಮುಗಿಸದೆ ಒಳಗಿನಿಂದ ಒಂದು ಏಣಿ ತಂದು ಕೊಟ್ಟರು. ಮೊದಲ ಕಾಯಿ ಹಗ್ಗದಲ್ಲಿ ಇಳಿದು ಬಂದಾಗ ವಿಶಾಲಮ್ಮನವರು ಎರಡೂ ಕೈಯಿಂದ ಅದನ್ನು ಹಿಡಿದು ನಿಂತರು. ತೊಟ್ಟಿನಿಂದ ಹಾಲು ಸುರಿದು ಸೀರೆಯ ಮೇಲೆ ಬಿತ್ತು. ಚಿಕ್ಕ ಮಕ್ಕಳು ಅವರ ಮುಖವನ್ನೇ ನೋಡುತ್ತಿದ್ದರು; ಹಳೆಯ ಕಟ್ಟಳೆ ಅವರಿಗೂ ಗೊತ್ತಿತ್ತು. ಅವರು ಕಾಯನ್ನು ಚೀಲದ ಮೇಲೆ ಇಟ್ಟು, ಪಲ್ಯಕ್ಕೆ ಇದೇ ಹದ ಎಂದರು.

ಹನುಮಕ್ಕ ತಮ್ಮ ಛತ್ರಿಯ ಕೆಳಗಿದ್ದರು. ಜೋಲಿ ಬಿಚ್ಚಿ ತಿಂಗಳುಗಳಾಗಿದ್ದವು, ಆದರೆ ಬಲಗೈ ಇಂದಿಗೂ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಗಿರಾಕಿಗಳಿಗೆ ಹೂ ಅಳೆಯುತ್ತಲೇ ಆಗಾಗ ಮರದ ಕಡೆ ಕತ್ತೆತ್ತಿ ನೋಡುತ್ತಿದ್ದರು. ಮೋನಿಷಾ ಹಗ್ಗದ ಕೊನೆ ಹಿಡಿದಿದ್ದಳು. ಐದನೆಯ ಮರವೂ ಮುಗಿದು, ವೆಂಕಟಪ್ಪ ಕೆಳಗಿಳಿದು ಬೀಡಿ ಹಚ್ಚಿದಾಗ, ಹನುಮಕ್ಕ ಮೊಮ್ಮಗಳನ್ನು ಹತ್ತಿರ ಕರೆದರು. ಪಕ್ಕದಲ್ಲೇ ನಾಲ್ಕು ಹೆಜ್ಜೆ ಆಚೆ ವಿಶಾಲಮ್ಮನವರು ನಿಂತಿದ್ದರು. ಹನುಮಕ್ಕ ಆ ಕಡೆ ತಿರುಗದೆಯೇ ಹೇಳಿದರು:

“ಆ ಕಡೆ ಕೊಂಬೇಲಿ, ಎಲೆ ಮರೇಲಿ, ಇನ್ನೊಂದದೆ. ಬಿಟ್ಬಿಟ್ಟವ್ರೆ. ನಿಮ್ ಟೀಚರಮ್ಮಂಗೆ ಹೇಳು.”

ಹೇಳಬೇಕಾದ ಅಗತ್ಯವಿರಲಿಲ್ಲ, ಅವರಿಗೆ ಕೇಳಿಸಿತ್ತು. ಆದರೂ ಮೋನಿಷಾ ಬಂದು ಹೇಳುವವರೆಗೆ ವಿಶಾಲಮ್ಮನವರು ಕಾದರು. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ವೆಂಕಟಪ್ಪನನ್ನು ಮತ್ತೆ ಮರ ಹತ್ತಲು ಕರೆದರು.